ಬದ್ಲಿ ಡಯೋಡಿನ ಚರಿತ್ರೆ

ಹುಣಸೆಹಣ್ಣು ಖಾಲಿ ಆದ್ರೆ ನಂಗ ಎಂತ ಮಾಡ್ತ್ಯ? ವಾಟೆಹುಳಿ ಹಾಕ್ತ್ಯ. ಅದೂ ಇಲ್ದಿದ್ರೆ ಒಣಗಿದ ಮುರುಗಲು ಸಿಪ್ಪೆ. ಹುಳಿ ಸಿಗ್ತು, ಸಾರು ಆಗ್ತು. ಹಾಂಗೆ ಹೇಳಿ ಎಲ್ಲದಕ್ಕೂ ಎಲ್ಲ ಹುಳಿ ಹೊಂದ್ತಿಲ್ಲೆ. ಯಾವುದಕ್ಕೆ ಯಾವುದು ಬದ್ಲಿ ಅಕ್ಕು ಹೇಳದನ್ನ ಅಡ್ಗೆಮನೆಲಿ ಯಾರೂ ಬರ್ದಿಟ್ಟಿದ್ದಿಲ್ಲೆ, ಕೈಯಿಂದ ಕೈಗೆ ಬಂದಿದ್ದು ಅಷ್ಟೆ. ಕರೆಂಟಿನ ಸಾಮಾನಿನ ಒಳಗೂ ಇಂಥದೇ ಒಂದು ಬದ್ಲಿ ವಿದ್ಯೆ ಇದ್ದು. ರೇಡಿಯೋ, ಟೀವಿ, ವೈಫೈ ಡಬ್ಬಿ, ಚಾರ್ಜರ್ ಎಲ್ಲದರ ಒಳಗೂ ಕಡ್ಲೆಬೇಳೆಗಿಂತ ಸ್ವಲ್ಪ ಉದ್ದದ, ತುದಿಲಿ ಬಿಳಿ ಪಟ್ಟಿ ಇಪ್ಪ ಕಪ್ಪು ತುಂಡು ಒಂದು ಇರ್ತು. ಅದೇ ಡಯೋಡ್. ಅದು ಸುಟ್ಟು ಹೋದಾಗ ಅಂಥದೇ ಸಿಗದೆ ಇದ್ರೆ ಎಂತ ಹಾಕವು? ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಲಿ ಈ ಪ್ರಶ್ನೆಗೆ ಹತ್ತಿರ ಹತ್ತಿರ ಮುಕ್ಕಾಲು ಶತಮಾನದ ಚರಿತ್ರೆ ಇದ್ದು. ಗಂಡಸರ ವಿಷ್ಯ ಹೇಳಿ ನಂಗ ಇದ್ನ ಬಿಟ್ಟಿದ್ದ್ಯ. ಆದ್ರೆ ಸಾಮಾನು ಕೆಟ್ಟಾಗ ಮನೆಲಿ ಇಪ್ಪವ್ರು ನಂಗನೇ ಅಲ್ದಾ.

ಮೊದ್ಲು ಅದರ ಕೆಲಸ ಎಂತದು ನೋಡನ. ತೋಟದ ಪಂಪಿನ ಪೈಪಿನ ಬುಡದಲ್ಲಿ ಫುಟ್‌ವಾಲ್ ಇರ್ತಲ, ಡಯೋಡೂ ಹಾಂಗೇ. ಫುಟ್‌ವಾಲ್ ನೀರನ್ನ ಮೇಲೆ ಹತ್ತಕ್ಕೆ ಬಿಡ್ತು, ಕೆಳಗೆ ಇಳಿಯಕ್ಕೆ ಬಿಡ್ತಿಲ್ಲೆ. ಡಯೋಡು ಕರೆಂಟನ್ನ ಒಂದೇ ದಿಕ್ಕಿಗೆ ಬಿಡ್ತು. ಕಂಬದಿಂದ ಬಪ್ಪ ಕರೆಂಟು ಸೆಕೆಂಡಿಗೆ 50 ಸಲ ಹಿಂದೆ ಮುಂದೆ ತೂಗ್ತು. ರೇಡಿಯೋಕ್ಕೆ, ಮೊಬೈಲಿಗೆ ಬೇಕಾದ್ದು ಸೆಲ್ಲಿಂದ ಬಪ್ಪ ಹಾಂಗೆ ಒಂದೇ ದಿಕ್ಕಿನ ಕರೆಂಟು. ಆ ತಿದ್ದುವ ಕೆಲಸ ಡಯೋಡಿನದ್ದು. ಸಾಮಾನ್ಯವಾಗಿ ನಾಲ್ಕು ಡಯೋಡನ್ನ ಸೇರ್ಸಿ ‘ಬ್ರಿಜ್’ ಕಟ್ತ. ಅದರ ಪಕ್ಕ ಇಪ್ಪ ಕಂಡೆನ್ಸರ್ ಸಣ್ಣ ತೊಟ್ಟಿ ಇದ್ದಾಂಗೆ, ಕರೆಂಟನ್ನ ತುಂಬ್ಸಿಟ್ಟು ಸಮನಾಗಿ ಬಿಡ್ತು. ಡಯೋಡ್ ಕೆಡದು ಎರಡು ನಮೂನೆ. ಒಂದು, ಎರಡೂ ದಿಕ್ಕಿಗೆ ಬಾಗ್ಲು ತೆಕ್ಕಂಡು ಕೂತು ಬಿಡದು; ಆಗ ಫ್ಯೂಸ್ ಹೋಗ್ತು, ಇಲ್ದಿದ್ರೆ ಟ್ರಾನ್ಸ್‌ಫಾರ್ಮರ್ ಕಾದು ವಾಸ್ನೆ ಬತ್ತು. ಇನ್ನೊಂದು, ಪೂರ್ತಿ ಮುಚ್ಚಿ ಹೋಪ್ದು. ಆಗ ಸಾಮಾನು ಸುಮ್ಮನೆ ಸತ್ತು ಹೋಗ್ತು, ಅಥವಾ ರೇಡಿಯೋ ಗುಂಯ್ ಹೇಳ್ತು.

ಈ ಒಮ್ಮುಖ ಬಾಗ್ಲು ಹಳೇ ವಸ್ತು. 1874ರಲ್ಲಿ ಜರ್ಮನಿಯ ಫರ್ಡಿನಾಂಡ್ ಬ್ರೌನ್, ಕೆಲವು ಖನಿಜದ ಹರಳು ಕರೆಂಟನ್ನ ಒಂದೇ ಕಡೆಗೆ ಹೆಚ್ಚು ಬಿಡ್ತು ಹೇಳಿ ಕಂಡುಕೊಂಡ. ನಮ್ಮ ಜಗದೀಶಚಂದ್ರ ಬೋಸರು ಸೀಸದ ಅದಿರಿನ ಹರಳನ್ನ ಬಳಸಿ ರೇಡಿಯೋ ಅಲೆ ಹಿಡಿಯ ಸಾಧನ ಮಾಡಿ, ಅದಕ್ಕೆ 1904ರಲ್ಲಿ ಅಮೆರಿಕದ ಪೇಟೆಂಟ್ ಪಡೆದರು. ಅದೇ 1904ರಲ್ಲಿ ಇಂಗ್ಲೆಂಡಿನ ಫ್ಲೆಮಿಂಗ್ ಗಾಜಿನ ವಾಲ್ವ್ ಮಾಡಿದ. ‘ಡಯೋಡ್’ ಹೇಳ ಹೆಸರು ಬಂದಿದ್ದು 1919ರಲ್ಲಿ. ‘ಎರಡು’ ಮತ್ತೆ ‘ದಾರಿ’ ಹೇಳ ಗ್ರೀಕ್ ಪದ ಸೇರ್ಸಿ ಎಕ್ಲ್ಸ್ ಹೇಳವ ಇಟ್ಟ ಹೆಸರು. ಹೆಸರಲ್ಲಿ ಎರಡು ದಾರಿ, ಕೆಲಸದಲ್ಲಿ ಒಂದೇ ದಾರಿ!

ಯಂಗಳ ಸೀಮೆಗೆ ಇದು ಬಂದ ಕಥೆ ಬೇರೆ. ಶಿವನಸಮುದ್ರದ ಕರೆಂಟು 1902ರಲ್ಲೇ ಕೋಲಾರದ ಚಿನ್ನದ ಗಣಿಗೆ ಹೋತು, 1905ರಲ್ಲಿ ಬೆಂಗಳೂರಿನ ಬೀದಿದೀಪ ಹೊತ್ತಿತು. ಜೋಗದ ವಿದ್ಯುದಾಗಾರದ ಉದ್ಘಾಟನೆ ಆದ್ದು 1949ರಲ್ಲಿ. 1964ರಲ್ಲಿ ಲಿಂಗನಮಕ್ಕಿ ಕಟ್ಟೆ ಮುಗಿದು ಶರಾವತಿ ನಿಂತಿತು. ಸಾಗರ, ಹೊಸನಗರ ತಾಲೂಕಿನ ಎಷ್ಟೋ ಊರು, ತೋಟ, ಗದ್ದೆ ನೀರಡಿಗೆ ಹೋತು. ಕರೆಂಟು ಹುಟ್ಟಿದ್ದು ಯಂಗಳ ನೀರಲ್ಲಿ, ಆದ್ರೆ ಮೊದ್ಲು ಹರಿದಿದ್ದು ದೂರದ ಪೇಟೆಗೆ, ಕಾರ್ಖಾನೆಗೆ. ಬೆಟ್ಟದ ಬುಡದ ಒಂಟಿ ಮನೆಗಳಿಗೆ ಕಂಬ ಬಪ್ಪಕ್ಕೆ ವರ್ಷಗಟ್ಲೆ ಹಿಡತ್ತು. ಹಿನ್ನೀರಿನ ಆಚೆ ತುಮರಿ ಕಡೆಯವ್ರಿಗಂತೂ ಸಾಗರಕ್ಕೆ ಬರಕ್ಕೂ ಲಾಂಚೇ ಗತಿ. ಅಂಬಾರಗೋಡ್ಲು ಕಳಸವಳ್ಳಿ ಸೇತುವೆ ಆದ್ದು 2025ರಲ್ಲಿ. ಒಂದು ಸಣ್ಣ ಬಿಡಿಭಾಗ ತರಕ್ಕೆ ಒಂದು ದಿನ ಹೋಪ ಊರಲ್ಲಿ ‘ಇದ್ದಿದ್ದರಲ್ಲೇ ಯಾವುದು ಹೊಂದ್ತು’ ಹೇಳಿ ನೋಡದು ಹವ್ಯಾಸ ಅಲ್ಲ, ಅವಶ್ಯಕತೆ.

ಕಂಬ ಬಪ್ಪ ಮೊದ್ಲು ರೇಡಿಯೋ ಇದ್ದ ಮನೆಲಿ ಅದು ಬ್ಯಾಟ್ರಿ ಮೇಲೆ ನಡೆತಿತ್ತು. ಆಗಿನ ವಾಲ್ವ್ ರೇಡಿಯೋಕ್ಕೆ 90 ವೋಲ್ಟಿನ ಇಟ್ಟಿಗೆಯಂಥ ಬ್ಯಾಟ್ರಿ ಒಂದು, ವಾಲ್ವಿನ ತಂತಿ ಕಾಯ್ಸಕ್ಕೆ ಒಂದೂವರೆ ವೋಲ್ಟಿಂದು ಇನ್ನೊಂದು. ಬ್ಯಾಟ್ರಿ ತುಟ್ಟಿ, ಹಾಂಗಾಗಿ ವಾರ್ತೆ ಆದ ಕೂಡ್ಲೆ ಬಂದ್ ಮಾಡದು. ಪೋಸ್ಟಾಫೀಸಿಗೆ ಹೋಗಿ ರೇಡಿಯೋ ಲೈಸೆನ್ಸ್ ಬೇರೆ ಮಾಡಿಸವು. ಕರೆಂಟು ಬಂದ ಮನೆಗೆ ಮರದ ಪೆಟ್ಟಿಗೆಯ ದೊಡ್ಡ ವಾಲ್ವ್ ಸೆಟ್ಟು ಬಂತು. ಅದರೊಳಗೆ ಡಯೋಡಿನ ಕೆಲಸ ಮಾಡ್ತಿದ್ದಿದ್ದು ಒಂದು ಗಾಜಿನ ವಾಲ್ವೇ, ‘ರೆಕ್ಟಿಫೈಯರ್’ ವಾಲ್ವ್. ಟ್ರಾನ್ಸ್‌ಫಾರ್ಮರ್ ಇಲ್ಲದ ಸೆಟ್ಟಿನಲ್ಲಿ ಎಲ್ಲ ವಾಲ್ವಿನ ಕಾಯ ತಂತಿಗಳನ್ನ ದೀಪಾವಳಿಯ ಸೀರಿಯಲ್ ಸೆಟ್ಟಿನ ಹಾಂಗೆ ಒಂದರ ಹಿಂದೆ ಒಂದು ಪೋಣಿಸಿರ್ತಿದ್ದ. ಒಂದು ಹೋದ್ರೆ ಎಲ್ಲವೂ ಕಪ್ಪು.

ಮೊದಲನೇ ದೊಡ್ಡ ಬದ್ಲಿ ನಡೆದಿದ್ದು ಅಲ್ಲೇ. ವಾಲ್ವ್ ಸಿಗದು ಕಷ್ಟ ಆಗ್ತಾ ಬಂದಾಂಗೆ ರಿಪೇರಿಯವ್ರು ಅದರ ಜಾಗಕ್ಕೆ ಸಿಲಿಕಾನ್ ಡಯೋಡ್ ಹಾಕಕ್ಕೆ ಶುರು ಮಾಡಿದ. ಬಿವೈ127 ಹೇಳ ಡಯೋಡಿನ ಹೆಸರು ಹಳೇ ರಿಪೇರಿಯವ್ರಿಗೆಲ್ಲ ಬಾಯಿಪಾಠ. ಅದು 1 ಆಂಪ್ ಕರೆಂಟು ಬಿಡ್ತು, ಹಿಮ್ಮುಖವಾಗಿ 1250 ವೋಲ್ಟಿನವರೆಗೆ ತಡಕತ್ತು. ಮನೆ ಕರೆಂಟು 230 ವೋಲ್ಟ್, ಅಷ್ಟೊಂದು ಎಂತಕ್ಕೆ ಬೇಕು ಹೇಳಿ ಕೇಳ್ಲಕ್ಕು. 230 ಹೇಳದು ಒಂದು ಲೆಕ್ಕದ ಸರಾಸರಿ. ತೂಗ ಕರೆಂಟಿನ ತುದಿ 325 ವೋಲ್ಟಿಗೆ ಮುಟ್ತು. ಒಂದೇ ಡಯೋಡ್ ಇಪ್ಪ ಸೆಟ್ಟಿನಲ್ಲಿ ಕಂಡೆನ್ಸರ್ ಒಂದು ಕಡೆ 325 ಹಿಡ್ಕಂಡು ಕೂತಿರ್ತು, ಇನ್ನೊಂದು ಕಡೆ ಕರೆಂಟು ಹಿಂದಕ್ಕೆ 325 ಎಳಿತು. ಎರಡೂ ಸೇರಿ ಡಯೋಡಿನ ಬಾಗ್ಲಿನ ಮೇಲೆ 650 ವೋಲ್ಟಿನ ದೂಡು ಬೀಳ್ತು. 400 ವೋಲ್ಟಿನ ಡಯೋಡ್ ಅಲ್ಲಿ ನಿಲ್ತಿಲ್ಲೆ. ಮೇಲಿಂದ ಯಂಗಳ ಕಡೆ ಏಪ್ರಿಲ್, ಮೇ ತಿಂಗಳ ಗುಡುಗು ಸಿಡ್ಲು. ತಂತಿಲಿ ಬಪ್ಪ ಹೊಡೆತಕ್ಕೂ ಸ್ವಲ್ಪ ಜಾಗ ಇಟ್ಕಳವು.

ಆದ್ರೂ ಬದ್ಲಿ ಅಷ್ಟಕ್ಕೇ ಮುಗಿತಿಲ್ಲೆ. ಗಾಜಿನ ವಾಲ್ವ್ ನಿಧಾನಕ್ಕೆ ಕಾದು ಕೆಲಸಕ್ಕೆ ಏಳ್ತು. ಸಿಲಿಕಾನ್ ಡಯೋಡ್ ಸ್ವಿಚ್ ಹಾಕಿದ ಕ್ಷಣವೇ ಪೂರ್ತಿ ಬಾಗ್ಲು ತೆಗಿತು. ವಾಲ್ವ್ ತನ್ನ ಪಾಲಿಗೆ ಹತ್ತಿಪ್ಪತ್ತು ವೋಲ್ಟ್ ತಿಂತು. ಸಿಲಿಕಾನ್ ತಿಂಬದು 1 ವೋಲ್ಟಿನ ಒಳಗೆ. ಹಾಂಗಾಗಿ ಬರೀ ಡಯೋಡ್ ಹಾಕಿ ಬಿಟ್ರೆ ಹಳೇ ಕಂಡೆನ್ಸರಿಗೆ ಹೆಚ್ಚು ವೋಲ್ಟ್ ಬಿದ್ದು ಅದು ಉಬ್ಬಿ ಒಡಿತು. ತಿಳಿದವ್ರು ಡಯೋಡಿನ ಜೊತೆಗೆ ಒಂದು ರೆಸಿಸ್ಟರ್ ಸೇರ್ಸ್ತಿದ್ದ. ಪೋಣಿಸಿದ ಸೆಟ್ಟಾದ್ರೆ ತೆಗೆದ ವಾಲ್ವಿನ ಕಾಯ ತಂತಿಯ ಬದ್ಲಿಗೂ ಇನ್ನೊಂದು ರೆಸಿಸ್ಟರ್ ಬೇಕು. ಹೊಸ ವಸ್ತು ಹಳೇದಕ್ಕಿಂತ ‘ಚೊಲೊ’ ಇದ್ದ ಮಾತ್ರಕ್ಕೆ ಹಳೇ ಮನೆಗೆ ಹೊಂದ್ತು ಹೇಳಿ ಇಲ್ಲೆ. ಸೊಸೆ ತಂದ ಮನೆಯವ್ರಿಗೆ ಇದ್ನ ಬಿಡ್ಸಿ ಹೇಳದು ಬೇಡ!

ಎರಡನೇ ಕಾಲ ಟ್ರಾನ್ಸಿಸ್ಟರಿಂದು. ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ 1954ರಲ್ಲಿ ಹುಟ್ಟಿತು. 1961ರಲ್ಲಿ ರೇಡಿಯೋ ವಾಲ್ವ್, 1962ರಲ್ಲಿ ಜರ್ಮೇನಿಯಮ್ ಬಿಡಿಭಾಗ ಮಾಡಕ್ಕೆ ಶುರು ಮಾಡಿತು. 1965ರಲ್ಲಿ ಭದ್ರಾವತಿ ಆಕಾಶವಾಣಿ ಬಂತು. 675 ಕಿಲೋಹರ್ಟ್ಸಿನ ಆ ದನಿ ಯಂಗಳ ಜಗಲಿ, ಕೊಟ್ಗೆ, ಅಡಕೆ ಸುಲಿಯ ಚಪ್ಪರ ಎಲ್ಲ ಕಡೆ ಬಂತು. ರಾತ್ರಿ ಅಡಕೆ ಸುಲಿಯಕ್ಕೆ ಕೂತ ಹೆಂಗಸ್ರ ಮಧ್ಯ ನಾಲ್ಕು ಸೆಲ್ಲಿನ ರೇಡಿಯೋ ಇಟ್ಟಿದ್ದು ನಮ್ಮ ಅತ್ತೆಯಂದಿರಿಗೆಲ್ಲ ನೆನಪಿದ್ದು. ಈ ಸೆಟ್ಟಿನೊಳಗೆ ಗಾಜಿನ ಮೈಯ ಒಂದು ಸಣ್ಣ ಡಯೋಡ್ ಇರ್ತು, ಓಎ79 ಅಥವಾ ಅಂಥದ್ದು. ಅದು ಕರೆಂಟು ತಿದ್ದ ಡಯೋಡ್ ಅಲ್ಲ, ಅಲೆಯಿಂದ ದನಿಯನ್ನ ಬಿಡ್ಸಿ ತೆಗೆವ ಡಯೋಡ್. ಜರ್ಮೇನಿಯಮ್ ಡಯೋಡ್ 0.2 ಅಥವಾ 0.3 ವೋಲ್ಟಿಗೇ ಬಾಗ್ಲು ತೆಗಿತು, ಸಿಲಿಕಾನಿಗೆ 0.6 ಬೇಕು. ಅದಕ್ಕೆ ಸಿಲಿಕಾನ್ ಹಾಕಿರೆ ಹತ್ತಿರದ ಗಟ್ಟಿ ಸ್ಟೇಷನ್ ಕೇಳಲಕ್ಕು, ದೂರದ ಕ್ಷೀಣ ಸ್ಟೇಷನ್ ಬಾಗ್ಲಾಚೆಯೇ ಉಳಿತು. ಎರಡೂ ಡಯೋಡೇ, ಎರಡೂ ಒಂದೇ ಅಳತೆ, ಆದ್ರೆ ಇಲ್ಲಿ ಇದು ಅದಕ್ಕೆ ಬದ್ಲಿ ಅಲ್ಲ.

ಸೆಲ್ಲಿನ ಖರ್ಚು ಉಳಿಸಕ್ಕೆ ಬಂದಿದ್ದು ಬ್ಯಾಟ್ರಿ ಎಲಿಮಿನೇಟರ್. ಒಂದು ಸಣ್ಣ ಟ್ರಾನ್ಸ್‌ಫಾರ್ಮರ್, ಎರಡೋ ನಾಲ್ಕೋ ಡಯೋಡ್, ಒಂದು ಕಂಡೆನ್ಸರ್, ಅಷ್ಟೇ. ಬಿಡಿಭಾಗ ತಂದು ಮನೆಲೇ ಕೂಡ್ಸಿದ ಮಾಣಿಯಂಗ ಊರೂರಿಗೆ ಇದ್ದಿದ್ದ. ಬದ್ಲಿ ಡಯೋಡ್ ಆರ್ಸ ಲೆಕ್ಕವನ್ನ ಕಲಿಯಕ್ಕೆ ಇದಕ್ಕಿಂತ ಸುಲಭದ ಸಾಮಾನಿಲ್ಲೆ. ಟ್ರಾನ್ಸ್‌ಫಾರ್ಮರ್ 6 ವೋಲ್ಟ್ ಕೊಡ್ತು ಹೇಳಿ ಇಟ್ಕಳಿ. ಅದರ ತುದಿ 8.5 ವೋಲ್ಟ್. ಎರಡು ಡಯೋಡ್ ಇಪ್ಪ, ಮಧ್ಯದಿಂದ ತಂತಿ ತೆಗೆದ ನಮೂನೆಲಿ ಹಿಮ್ಮುಖ ದೂಡು ಅದರ ಎರಡರಷ್ಟು, 17 ವೋಲ್ಟ್. ರೇಡಿಯೋ ಎಳೆವ ಕರೆಂಟು ಕಾಲು ಆಂಪಿನೊಳಗೆ. ಇದಕ್ಕೆ 50 ವೋಲ್ಟ್ 1 ಆಂಪಿನ 1ಎನ್4001 ಧಾರಾಳ ಆತು. ಅದು ಸಿಗದಿದ್ರೆ ಅದೇ ಸಾಲಿನ ದೊಡ್ಡಣ್ಣ, 1000 ವೋಲ್ಟಿನ 1ಎನ್4007 ಹಾಕ್ಲಕ್ಕು. ವೋಲ್ಟ್ ತಡೆಯ ಶಕ್ತಿ ಹೆಚ್ಚಿದ್ರೆ ಇಲ್ಲಿ ತೊಂದ್ರೆ ಇಲ್ಲೆ, ಕಡಿಮೆ ಇದ್ರೆ ಮಾತ್ರ ತೊಂದ್ರೆ. ಅದಕ್ಕೇ ಅಂಗಡಿಲಿ ಏನು ಕೇಳಿದ್ರೂ 1ಎನ್4007 ತೆಗೆದು ಕೊಡದು. ದೊಡ್ಡ ಚಾರ್ಜರಿಗೆ, ಹೆಚ್ಚು ಕರೆಂಟು ಎಳೆವಲ್ಲಿಗೆ 3 ಆಂಪಿನ 1ಎನ್5408. ಅದರ ಕಾಲೇ ದಪ್ಪ, ಕಂಡ್ರೆ ಗೊತ್ತಾಗ್ತು.

ಇಲ್ಲಿಗೆ ಲೆಕ್ಕ ಸುಲಭ ಇತ್ತು. 1982ರ ಏಷ್ಯನ್ ಗೇಮ್ಸಿಗೆ ದೇಶಕ್ಕೆ ಬಣ್ಣದ ಟೀವಿ ಬಂತು, 1987ರಲ್ಲಿ ರಾಮಾಯಣ ಶುರುವಾತು. ಗುಡ್ಡದ ಸಂದಿಯ ಯಂಗಳ ಮನೆಗಳಿಗೆ ಸಿಗ್ನಲ್ ಸಿಗಕ್ಕೆ ಉದ್ದದ ಕಂಬಕ್ಕೆ ಆಂಟೆನಾ, ಅದಕ್ಕೊಂದು ಬೂಸ್ಟರ್. ಆ ಬೂಸ್ಟರಿನ ಸಪ್ಲೈಯೂ ಎಲಿಮಿನೇಟರಿನ ತಮ್ಮನೇ. ಸಿಡ್ಲು ಬಂದ್ರೆ ಮೊದ್ಲು ಸಾಯದು ಅದರ ಡಯೋಡೇ. ಆದ್ರೆ ಟೀವಿಯ ಒಳಗೆ, ಆಮೇಲೆ ಬಂದ ಚಾರ್ಜರ್, ಅಡಾಪ್ಟರುಗಳ ಒಳಗೆ, ನಡೆವ ವಿಧಾನವೇ ಬದಲಾತು. ಭಾರದ ಟ್ರಾನ್ಸ್‌ಫಾರ್ಮರ್ ಹೋಗಿ ಹಗುರದ ‘ಎಸ್‌ಎಂಪಿಎಸ್’ ಬಂತು. ಅದು ಮೊದ್ಲು ಮನೆ ಕರೆಂಟನ್ನ ಒಂದು ದಿಕ್ಕಿಗೆ ತಿದ್ದಿ, ಅದ್ನ ಸೆಕೆಂಡಿಗೆ ಐವತ್ತು ಸಾವಿರ, ಲಕ್ಷ ಸಲ ತುಂಡು ಮಾಡಿ, ಬೆಂಕಿಪೆಟ್ಟಿಗೆಯಷ್ಟು ಟ್ರಾನ್ಸ್‌ಫಾರ್ಮರಿಗೆ ಕೊಟ್ಟು, ಆಚೆ ಕಡೆ ಇನ್ನೊಂದು ಡಯೋಡಿಂದ ಮತ್ತೆ ತಿದ್ದ್ತು. ಈಚೆ ಕಡೆಯ ಡಯೋಡ್ ಹಳೇ ನಮೂನೆಯದ್ದೇ, 1ಎನ್4007 ನಡಿತು. ಆಚೆ ಕಡೆಯದ್ದು ಬೇರೆ ಜಾತಿ.

ಮತ್ತೆ ಫುಟ್‌ವಾಲ್ ನೆನಪು ಮಾಡ್ಕಳಿ. ಪಂಪು ನಿಂತಾಗ ಅದರ ಮುಚ್ಚಳ ಬೀಳಕ್ಕೆ ಸ್ವಲ್ಪ ಹೊತ್ತು ಬೇಕು, ಆ ಹೊತ್ತಲ್ಲಿ ಸ್ವಲ್ಪ ನೀರು ಹಿಂದೆ ಬೀಳ್ತು. ದಿನಕ್ಕೆರಡು ಸಲ ಆದ್ರೆ ಯಾರಿಗೂ ಗೊತ್ತಾಗ್ತಿಲ್ಲೆ. ಸೆಕೆಂಡಿಗೆ ಲಕ್ಷ ಸಲ ಆದ್ರೆ? 1ಎನ್4007 ಬಾಗ್ಲು ಮುಚ್ಚಕ್ಕೆ ಕೆಲವು ಮೈಕ್ರೋಸೆಕೆಂಡ್ ತಗತ್ತು. ಲಕ್ಷ ಸಲದ ಲೆಕ್ಕದಲ್ಲಿ ಒಂದು ಸುತ್ತಿಗೆ ಇಪ್ದೇ 10 ಮೈಕ್ರೋಸೆಕೆಂಡ್. ಬಾಗ್ಲು ಮುಚ್ಚದ್ರೊಳಗೆ ಮತ್ತೆ ತೆಗಿಯ ಹೊತ್ತು ಬತ್ತು. ಕರೆಂಟು ಹಿಂದೆ ಹರಿತು, ಡಯೋಡ್ ಕಾಯ್ತು, ಸುಡ್ತು. ಅದಕ್ಕೆ ಅಲ್ಲಿ ಚುರುಕಿನ ಡಯೋಡ್ ಬೇಕು. ಎಫ್‌ಆರ್107 ಅರ್ಧ ಮೈಕ್ರೋಸೆಕೆಂಡಲ್ಲಿ ಮುಚ್ತು, ಯುಎಫ್4007 ಇನ್ನೂ ಬೇಗ. ಎಲ್ಲಕ್ಕಿಂತ ಚುರುಕು ಶಾಟ್ಕಿ ಡಯೋಡ್. ಅದು ತಿಂಬ ವೋಲ್ಟೂ ಕಡಿಮೆ, ಹತ್ತಿರ ಹತ್ತಿರ ಅರ್ಧ ವೋಲ್ಟಿನೊಳಗೆ. 5 ವೋಲ್ಟಿನ ಚಾರ್ಜರಲ್ಲಿ ಡಯೋಡೇ 1 ವೋಲ್ಟ್ ತಿಂದ್ರೆ ಉಳಿವದೆಷ್ಟು, ಹೇಳಿ.

ಶಾಟ್ಕಿಗೂ ಒಂದು ಐಬಿದ್ದು. ಹಿಮ್ಮುಖ ದೂಡನ್ನ ತಡೆಯ ಶಕ್ತಿ ಕಡಿಮೆ. 1ಎನ್5822 ಹೇಳ ಶಾಟ್ಕಿ 3 ಆಂಪ್ ಬಿಟ್ರೂ ತಡಿಯದು 40 ವೋಲ್ಟ್ ಮಾತ್ರ. 5 ವೋಲ್ಟಿನ ಚಾರ್ಜರಿಗೆ ಅದು ಸಾಮಾನ್ಯವಾಗಿ ಹೊಂದ್ತು. 12 ವೋಲ್ಟಿನ ಅಡಾಪ್ಟರಲ್ಲಿ ಹಿಮ್ಮುಖ ದೂಡು 60 ವೋಲ್ಟ್ ದಾಟಲಕ್ಕು, ಅಲ್ಲಿಗೆ ಎಸ್‌ಬಿ5100 ಹಾಂಗಿಪ್ಪ 100 ವೋಲ್ಟಿನ ಶಾಟ್ಕಿಯೇ ಬೇಕು. ಅಂದ್ರೆ ಈಗ ಬದ್ಲಿ ಆರ್ಸಕ್ಕೆ ನಾಲ್ಕು ವಿಷ್ಯ ನೋಡವು: ಎಷ್ಟು ವೋಲ್ಟ್ ತಡೆತು, ಎಷ್ಟು ಆಂಪ್ ಬಿಡ್ತು, ಎಷ್ಟು ಬೇಗ ಮುಚ್ತು, ತಾನೆಷ್ಟು ತಿಂತು. ಮೊದಲಿನ ಎರಡು ಹಳೇದಕ್ಕೆ ಸಮ ಅಥವಾ ಹೆಚ್ಚಿರವು. ಕಡೇ ಎರಡು ಸಮ ಅಥವಾ ಕಡಿಮೆ ಇರವು. ಆಮೇಲೆ ಬಿಳಿ ಪಟ್ಟಿಯ ತುದಿ ಹಳೇದು ಯಾವ ಕಡೆಗಿತ್ತೋ ಅದೇ ಕಡೆಗೆ ಬರವು.

ಇಷ್ಟೆಲ್ಲ ಸೂಕ್ಷ್ಮ ನಂಗಕ್ಕೆ ಎಂತಕ್ಕೆ ಹೇಳಿ ಅನ್ಸಲಕ್ಕು. ಹೋದ ಮಳೆಗಾಲದಲ್ಲಿ ಯಂಗಳ ಕಡೆ ಒಂದು ಮನೆಲಿ ನಡೆದಿದ್ದು ಹೇಳ್ತಿ. ಮನೆಲಿ ಇಪ್ದು ವಯಸ್ಸಾದ ಇಬ್ಬರೇ, ಮಕ್ಕಳೆಲ್ಲ ಬೆಂಗಳೂರಲ್ಲಿ. ಮೊಬೈಲ್ ಸಿಗ್ನಲ್ ಆ ಕೊಳ್ಳಕ್ಕೆ ಇಳಿತಿಲ್ಲೆ. ವೈಫೈ ಇದ್ರೆ ಮಾತ್ರ ಫೋನ್. ಒಂದು ಸಿಡ್ಲಿಗೆ ವೈಫೈ ಡಬ್ಬಿಯ 12 ವೋಲ್ಟಿನ ಅಡಾಪ್ಟರ್ ಹೋತು. ಪೇಟೆಲಿ ರಿಪೇರಿ ಮಾಡ್ಸಿದ. ಒಳಗೆ ಶಾಟ್ಕಿ ಇದ್ದ ಜಾಗಕ್ಕೆ ಕೈಗೆ ಸಿಕ್ಕ ಸಾದಾ ಡಯೋಡ್ ಕೂತಿತ್ತು. ಅಂಗಡಿಲಿ ದೀಪ ಹತ್ತಿತು, ಮನೆಗೆ ತಂದ. ಎರಡನೇ ರಾತ್ರಿ ಅಡಾಪ್ಟರ್ ಮುಟ್ಟಕ್ಕಾಗದಷ್ಟು ಕಾದು, ಪ್ಲಾಸ್ಟಿಕ್ ಮೆತ್ತಗಾಗಿ, ಸತ್ತು ಹೋತು. ಅದೇ ರಾತ್ರಿ ಅಜ್ಜನಿಗೆ ಎದೆನೋವು. ಅಮ್ಮಮ್ಮ ಬ್ಯಾಟ್ರಿ ಹಿಡ್ಕಂಡು ಮಳೆಲಿ ಮೇಲಿನ ಮನೆಗೆ ಹತ್ತಿ ಹೋಗಿ ಕರೆದು, ಅವ್ರು ಜೀಪು ತಂದು, ಅಂತೂ ಆಸ್ಪತ್ರೆ ಮುಟ್ಟಿದ. ಅಜ್ಜ ಈಗ ಆರಾಮಿದ್ದ. ಆದ್ರೆ ಆ ಅರ್ಧ ತಾಸಿನ ನಡಿಗೆಯ ಬೆಲೆ ಒಂದು ಡಯೋಡಿಂದು, ಕೆಲವೇ ರೂಪಾಯಿ.

ಹಾಂಗೆ ಹೇಳಿ ನಂಗೆಲ್ಲ ಸ್ಕ್ರೂಡ್ರೈವರ್ ಹಿಡಿಯವು ಹೇಳಿ ಅಲ್ಲ. ಅಡಾಪ್ಟರ್, ಟೀವಿ ಒಳಗಿನ ಕಂಡೆನ್ಸರಲ್ಲಿ 325 ವೋಲ್ಟ್ ತುಂಬಿರ್ತು. ಪ್ಲಗ್ ತೆಗೆದ ಮೇಲೂ ಸ್ವಲ್ಪ ಹೊತ್ತು ಉಳಿದಿರಲಕ್ಕು. ಗೊತ್ತಿಲ್ದೆ ಬಿಚ್ಚಲಾಗ. ಆದ್ರೆ ಕೇಳ್ಲಕ್ಕು. ‘ಹಳೇ ಡಯೋಡಿನ ನಂಬ್ರ ಎಂತ ಇತ್ತು? ಈಗ ಹಾಕಿದ್ದು ಎಂತದು? ಚುರುಕಿಂದೋ, ಸಾದಾದ್ದೋ? ಡಯೋಡ್ ತಾನಾಗಿ ಹೋಗಿದ್ದೋ, ಪಕ್ಕದ ಕಂಡೆನ್ಸರ್ ಉಬ್ಬಿದ್ದೋ?’ ಕಡೇ ಪ್ರಶ್ನೆ ಮುಖ್ಯ. ಕಾರಣ ಉಳಿಸಿ ಡಯೋಡ್ ಮಾತ್ರ ಬದ್ಲಿಸಿರೆ ಹೊಸದೂ ಅದೇ ದಾರಿ ಹಿಡಿತು. ತೆಗೆದ ಹಳೇ ಡಯೋಡನ್ನ ಕೇಳಿ ಇಸ್ಕಳಿ, ಕಾಗದಲ್ಲಿ ಸುತ್ತಿ ಸಾಮಾನಿನ ಹೆಸರು ಬರ್ದು ಇಡಿ. ಯಂಗಳ ಮನೆಲಿ ಮಾವಯ್ಯ ಹಾರ್ಲಿಕ್ಸ್ ಬಾಟ್ಲಿಲಿ ಹಾಂಗೆ ಇಟ್ಟಿದ್ದು ಇವತ್ತಿಗೂ ಉಪಯೋಗಕ್ಕೆ ಬತ್ತಾ ಇದ್ದು.

ಸಣ್ಣ ಅಡಾಪ್ಟರಾದ್ರೆ ರಿಪೇರಿಗಿಂತ ಅಡಾಪ್ಟರನ್ನೇ ಬದ್ಲಿಸದು ಚೊಲೊ. ಅಲ್ಲಿ ಲೆಕ್ಕ ಸ್ವಲ್ಪ ಬೇರೆ, ತಪ್ಪು ಮಾಡ್ಕಳಡಿ. ಡಯೋಡಿಗೆ ವೋಲ್ಟ್ ಹೆಚ್ಚಿದ್ರೆ ಅಡ್ಡಿಲ್ಲೆ, ಯಾಕಂದ್ರೆ ಅದು ತಡೆಯ ಶಕ್ತಿ. ಅಡಾಪ್ಟರಿನ ವೋಲ್ಟ್ ಕೊಡ ಶಕ್ತಿ, ಅದು ಸರಿ ಸಮ ಇರವು. 12 ಇದ್ದಲ್ಲಿ 12. ಆಂಪ್ ಸಮ ಅಥವಾ ಹೆಚ್ಚು. ಪಿನ್ನಿನ ಮಧ್ಯ ಪ್ಲಸ್ಸೋ ಮೈನಸ್ಸೋ ಹೇಳ ಚಿತ್ರ ಎರಡರ ಮೇಲೂ ಒಂದೇ ಇರವು. ಹಳೇದರ ಮೇಲಿನ ಅಕ್ಷರವನ್ನ ಫೋನಲ್ಲಿ ಫೋಟೋ ತೆಗೆದಿಟ್ಕಂಡ್ರೆ ಸಾಕು. ಸಿಡ್ಲು ಶುರುವಾಪ್ಪ ಮೊದ್ಲೇ, ಈ ಮಾರ್ಚ್ ತಿಂಗಳೊಳಗೇ, ವಯಸ್ಸಾದವ್ರೇ ಇಪ್ಪ ಮನೆಲಿ ಒಂದು ಹೆಚ್ಚಿನ ಅಡಾಪ್ಟರ್ ತಂದು ಉಪ್ಪಿನಕಾಯಿ ಭರಣಿಯ ಹಾಂಗೆ ಕಪಾಟಲ್ಲಿ ಇಟ್ಟಿರಿ. ಗುಡುಗು ಕೇಳಿದ ಕೂಡ್ಲೆ ಪ್ಲಗ್ಗೂ ತೆಗಿರಿ, ಕೇಬಲ್ಲೂ ತೆಗಿರಿ.